‘ನಾಳೆ ಬಾ’ ಎನ್ನುವ ಕಂಪ್ಯೂಟರ್

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಕೆಲವು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗಬೇಕು. ಮರುದಿನ ಬಂದರೂ ಅದೇ ಬರಹ. ಕಂಪ್ಯೂಟರಿನೊಳಗೂ ಇಂಥದೇ ಬರಹವಿದೆ, ಅದಕ್ಕೆ ಅರ್ಧ ಶತಮಾನ ದಾಟಿದೆ.

ಆಗ ಮೆಮೊರಿ ಬಹಳ ದುಬಾರಿ. ಅಮೆರಿಕದ ಬಿಬಿಎನ್ ಕಂಪನಿ ಪಿಡಿಪಿ-10 ಯಂತ್ರಕ್ಕೆ ಟೆನೆಕ್ಸ್ ಎಂಬ ವ್ಯವಸ್ಥೆ ಕಟ್ಟಿತು. 1972ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದವರಲ್ಲಿ ಇಮೇಲ್‌ಗೆ ‘ಅಟ್’ ಚಿಹ್ನೆ ಕೊಟ್ಟ ರೇ ಟಾಮ್ಲಿನ್ಸನ್ ಕೂಡ ಒಬ್ಬರು. ಎರಡು ಪ್ರೋಗ್ರಾಮುಗಳಿಗೆ ಒಂದೇ ಪುಟ ಬೇಕಾದರೆ ಇಬ್ಬರಿಗೂ ಅದನ್ನೇ ತೋರಿಸು. ಒಬ್ಬರು ತಿದ್ದಲು ಹೊರಟಾಗ ಮಾತ್ರ ನಕಲು ಮಾಡು. ಇದೇ ಕಾಪಿ-ಆನ್-ರೈಟ್.

ಲೆಕ್ಕವನ್ನೂ ಹೀಗೆ ಮುಂದೂಡಬಹುದು ಎಂದು 1976ರಲ್ಲಿ ಎರಡು ಪ್ರಬಂಧಗಳು ಬಂದವು: ಒಂದು ಫ್ರೀಡ್‌ಮನ್ ಮತ್ತು ವೈಸ್ ಅವರದು, ಇನ್ನೊಂದು ಹೆಂಡರ್ಸನ್ ಮತ್ತು ಮಾರಿಸ್ ಅವರದು. ಪಟ್ಟಿಯ ಅಂಶವನ್ನು ಯಾರಾದರೂ ಕೇಳುವವರೆಗೆ ಲೆಕ್ಕ ಹಾಕುವುದೇ ಬೇಡ. ಆಗ ಕೊನೆಯೇ ಇಲ್ಲದ ಪಟ್ಟಿಯನ್ನೂ ಬರೆಯಬಹುದು. ಮೊದಲ ಹತ್ತು ಬೇಕೆಂದರೆ ಹತ್ತಕ್ಕಷ್ಟೇ ಕೆಲಸ. 1990ರ ಹ್ಯಾಸ್ಕೆಲ್ ಇದನ್ನೇ ತನ್ನ ಸಹಜ ನಡೆಯಾಗಿಸಿಕೊಂಡಿತು. 2014ರ ಸ್ವಿಫ್ಟ್‌ನಲ್ಲಿ ಎರಡೂ ಜಾಣ್ಮೆಗಳಿವೆ: ಅರೇ ನಕಲು ತಿದ್ದುವಾಗ ಮಾತ್ರ ಆಗುತ್ತದೆ, ‘ಲೇಜಿ’ ಎಂದರೆ ಲೆಕ್ಕವೂ ಕಾಯುತ್ತದೆ.

ಆದರೆ ಮುಂದೂಡಿದ ಕೆಲಸ ಮಾಯವಾಗುವುದಿಲ್ಲ. ಹಲವು ಥ್ರೆಡ್‌ಗಳು ಒಟ್ಟಿಗೆ ಓಡುವಾಗ ಒಂದು ಪ್ರತಿಗೆ ಎಷ್ಟು ಪಾಲುದಾರರು ಎಂಬ ಲೆಕ್ಕವೇ ತಲೆನೋವು. ಸಿ++ ಭಾಷೆಯ 2011ರ ನಿಯಮಗಳು ಸ್ಟ್ರಿಂಗ್‌ಗಳಲ್ಲಿ ಈ ಪದ್ಧತಿಗೆ ಬಾಗಿಲು ಹಾಕಿದವು. 2016ರಲ್ಲಿ ಬಯಲಾದ ‘ಡರ್ಟಿ ಕೌ’ ದೋಷ ಲಿನಕ್ಸ್‌ನ ಇದೇ ನಕಲಿನ ಕ್ಷಣದಲ್ಲಿ ಅಡಗಿತ್ತು, ಅದೂ 2007ರಿಂದ! ಓದಲಷ್ಟೇ ಅನುಮತಿಯಿದ್ದ ಫೈಲನ್ನು ಸಾಮಾನ್ಯ ಬಳಕೆದಾರನೂ ತಿದ್ದಬಹುದಿತ್ತು.

ನನಗೂ ಪೆಟ್ಟು ಬಿದ್ದಿದೆ. ಒಂದು ಪ್ರಾಜೆಕ್ಟಿನಲ್ಲಿ ತಿಂಗಳ ಕೊನೆಯ ರಿಪೋರ್ಟು ಬೆಳಗಾದರೂ ಮುಗಿಯಲಿಲ್ಲ. ಡೇಟಾಬೇಸ್ ನಿಧಾನವೆಂದು ಆ ತಂಡದವರ ಮೇಲೆ ನಾನೇ ರೇಗಿದ್ದೆ. ನೋಡಿದರೆ ತಪ್ಪು ನಮ್ಮದು. ಒಂದು ಲೇಜಿ ಪಟ್ಟಿಯನ್ನು ಮೂರು ಕಡೆ ಬಳಸಿದ್ದೆವು. ಪ್ರತಿ ಸಲವೂ ಅದು ಡೇಟಾಬೇಸನ್ನು ಹೊಸದಾಗಿ ಕೇಳುತ್ತಿತ್ತು. ಫಲಿತಾಂಶವನ್ನು ಒಮ್ಮೆ ತೆಗೆದಿಟ್ಟುಕೊಳ್ಳುವ ಒಂದು ಸಾಲು ಸೇರಿಸಿದ್ದಕ್ಕೆ ಎಲ್ಲ ಸರಿಹೋಯಿತು. ಆ ತಂಡದ ಕ್ಷಮೆ ಕೇಳಲು ಮಾತ್ರ ನನಗೆ ಎರಡು ದಿನ ಬೇಕಾಯಿತು.

ಈಗ ಕೋಡ್ ರಿವ್ಯೂನಲ್ಲಿ ಹುಡುಗರನ್ನು ಮೊದಲು ಕೇಳುವುದು ಇದನ್ನೇ: “ಈ ಸಾಲು ನಿಜವಾಗಿ ಓಡುವುದು ಯಾವಾಗಪ್ಪಾ? ಎಷ್ಟು ಸಲ?”