ಓಟಿಲ್ಲದವರ ಮೂರು ನಿಮಿಷ

ನಮ್ಮಲ್ಲಿ ಬಹಳ ಜನಕ್ಕೆ ಟೌನ್ ಹಾಲ್ ಅಂದ್ರೆ ಪರ್ಮಿಟ್ ತಗೊಳ್ಳೋ, ಪ್ರಾಪರ್ಟಿ ಟ್ಯಾಕ್ಸ್ ಕಟ್ಟೋ ಜಾಗ. ಸಂಜೆ ಅಲ್ಲೇ ಕೌನ್ಸಿಲ್ ಮೀಟಿಂಗ್ ನಡೆಯುತ್ತೆ. ಕೆಲಸದ ವ್ಯಾನನ್ನು ರಾತ್ರಿ ಮನೆ ಮುಂದೆ ನಿಲ್ಲಿಸಬಹುದಾ, ಬೆಳಿಗ್ಗೆ ಎಷ್ಟು ಗಂಟೆಗೆ ಡ್ರಿಲ್ ಶುರು ಮಾಡಬಹುದು, ಇಂಥವೆಲ್ಲ ತೀರ್ಮಾನ ಆಗೋದು ವಾಷಿಂಗ್ಟನ್‌ನಲ್ಲಲ್ಲ, ಇಂಥ ಮೀಟಿಂಗ್‌ಗಳಲ್ಲಿ. "ನಮಗೆ ಓಟೇ ಇಲ್ಲ, ಹೋಗಿ ಏನು ಮಾಡೋದು?" ಅಂತ ಗೆಳೆಯರು ಕೇಳ್ತಾರೆ. ಈ ಪ್ರಶ್ನೆಗೆ ಹಳೇ ಚರಿತ್ರೆ ಇದೆ.

1776ರ ನ್ಯೂಜೆರ್ಸಿ ಸಂವಿಧಾನ ಓಟು ಕೊಟ್ಟಿದ್ದು ಪ್ರಜೆಗಳಿಗೆ ಅಂತಲ್ಲ, 'ಎಲ್ಲ ನಿವಾಸಿಗಳಿಗೆ'. 50 ಪೌಂಡ್ ಆಸ್ತಿ, ಕೌಂಟಿಯಲ್ಲಿ ಒಂದು ವರ್ಷ ವಾಸ ಇದ್ದರೆ ಸಾಕು. ಹಾಗಾಗಿ ಆಸ್ತಿಯಿದ್ದ ವಿಧವೆಯರು, ಮದುವೆಯಾಗದ ಹೆಂಗಸರು, ಸ್ವತಂತ್ರರಾಗಿದ್ದ ಕಪ್ಪು ಜನರೂ ಓಟು ಹಾಕಿದರು. 1807ರಲ್ಲಿ ಕಾಯ್ದೆ ತಂದು ಅದನ್ನು ತೆರಿಗೆ ಕಟ್ಟುವ ಬಿಳಿಯ ಗಂಡಸು ಪ್ರಜೆಗಳಿಗೆ ಮಾತ್ರ ಉಳಿಸಿದರು.

ನದಿಯ ಆಚೆ ದಡದ ಕಥೆಯೂ ಹೀಗೇ. ನ್ಯೂಯಾರ್ಕ್ ನಗರದಲ್ಲಿ 1969ರ ಕಾಯ್ದೆಯಿಂದ ಬಂದ ಶಾಲಾ ಮಂಡಳಿ ಚುನಾವಣೆಗಳಲ್ಲಿ, ಪ್ರಜೆಗಳಲ್ಲದಿದ್ದರೂ ಮಕ್ಕಳ ತಂದೆ-ತಾಯಿ ಓಟು ಹಾಕ್ತಿದ್ದರು. 2002ರಲ್ಲಿ ಶಾಲೆಗಳ ಆಡಳಿತ ಮೇಯರ್ ಕೈಗೆ ಹೋಯ್ತು, ಆ ಮಂಡಳಿಗಳೂ ಹೋದವು. 2022ರಲ್ಲಿ ಗ್ರೀನ್ ಕಾರ್ಡ್ ಅಥವಾ ಕೆಲಸದ ಪರವಾನಗಿ ಇರೋ ಸುಮಾರು 8 ಲಕ್ಷ ಜನಕ್ಕೆ ನಗರ ಚುನಾವಣೆಯಲ್ಲಿ ಓಟು ಕೊಡೋ ಕಾನೂನು ಬಂತು. ಒಂದು ಚುನಾವಣೆಯಲ್ಲೂ ಬಳಕೆಯಾಗೋ ಮೊದಲೇ ಕೋರ್ಟಿನಲ್ಲಿ ಬಿತ್ತು; 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಅದೇ ತೀರ್ಪು ಕೊಟ್ಟಿತು.

ಅಂದರೆ ಓಟು ಬರುತ್ತೆ, ಹೋಗುತ್ತೆ. ಮಾತಾಡೋ ಹಕ್ಕಿನ ದಾರಿ ಬೇರೆ. 1975ರಲ್ಲಿ ನ್ಯೂಜೆರ್ಸಿ ಸಾರ್ವಜನಿಕ ಸಭೆಗಳ ಕಾಯ್ದೆ ತಂದಿತು. ಜನ ಅದನ್ನು 'ಸನ್‌ಶೈನ್ ಲಾ' ಅಂತಾರೆ. ಸಭೆ ಬಾಗಿಲು ತೆರೆದು ನಡೀಬೇಕು, 48 ಗಂಟೆ ಮೊದಲೇ ನೋಟಿಸ್ ಕೊಡಬೇಕು. ಆದರೆ ಬಂದವರು ಬರೀ ಕೂತು ಕೇಳಬಹುದಿತ್ತು. ಮಾತಾಡಲು ಬಿಡಲೇಬೇಕೆಂಬ ಸಾಮಾನ್ಯ ನಿಯಮ ಅದರಲ್ಲಿರಲಿಲ್ಲ. 2002ರ ತಿದ್ದುಪಡಿ ಅದನ್ನು ಸರಿಮಾಡಿತು: ಟೌನ್ ಕೌನ್ಸಿಲ್‌ಗಳೂ ಶಾಲಾ ಮಂಡಳಿಗಳೂ ಪ್ರತಿ ಸಭೆಯಲ್ಲಿ ಸಾರ್ವಜನಿಕರ ಮಾತಿಗೆ ಸಮಯ ಇಡಲೇಬೇಕು. ಹೊಸ ಆರ್ಡಿನೆನ್ಸ್ ಪಾಸಾಗುವ ಮೊದಲು ಅದರ ಮೇಲೆ ಪ್ರತ್ಯೇಕ ವಿಚಾರಣೆಯೂ ನಡೀಬೇಕು. ಕಾನೂನಿನಲ್ಲಿರೋ ಪದ 'ಸಾರ್ವಜನಿಕರು', 'ಮತದಾರರು' ಅಲ್ಲ. ನಾವೂ ಅದರಲ್ಲಿ ಬರ್ತೀವಿ.

ಬರೀ ಮಾತಿನಿಂದ ಏನಾಗುತ್ತೆ ಅನ್ನೋರು ಮೈಸೂರು ನೆನೆಸಿಕೊಳ್ಳಿ. 1881ರ ಅಕ್ಟೋಬರ್‌ನಲ್ಲಿ, ದಸರಾ ಸಮಯದಲ್ಲಿ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಮಂದಿ. ದಿವಾನರು ಸರ್ಕಾರದ ಕೆಲಸದ ವರದಿ ಓದುವರು, ಇವರು ಊರಿನ ಕಷ್ಟ ಹೇಳುವರು, ಅಷ್ಟೇ. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಹತ್ತು ವರ್ಷದ ಹೊತ್ತಿಗೆ ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು. 1923ರ ಹೊತ್ತಿಗೆ ಹೊಸ ತೆರಿಗೆ ಹಾಕುವ ಮುನ್ನ ಸಭೆಯನ್ನು ಕೇಳಬೇಕೆಂಬ ನಿಯಮವಾಯ್ತು, ಹೆಂಗಸರಿಗೂ ಮತದ ಬಾಗಿಲು ತೆರೆಯಿತು. ವರ್ಷ ವರ್ಷ ಬಂದು ಅದೇ ಕೆರೆ, ಅದೇ ರಸ್ತೆ ಅಂತ ಕೇಳಿದವರೇ ಆ ಸಭೆಗೆ ತೂಕ ತಂದರು.

ಇಲ್ಲಿ ನಾವು ಬಾಡಿಗೆ ಕೊಡ್ತೀವಿ, ಅದರಲ್ಲಿ ಮಾಲೀಕನ ಪ್ರಾಪರ್ಟಿ ಟ್ಯಾಕ್ಸೂ ಸೇರಿರುತ್ತೆ. ಮಕ್ಕಳು ಇಲ್ಲಿನ ಶಾಲೆಗೇ ಹೋಗ್ತಾರೆ. ವ್ಯಾನ್ ನಿಲ್ಲಿಸಬಾರದು ಅನ್ನೋ ಆರ್ಡಿನೆನ್ಸ್ ಬಂದಾಗ, ಐದು ಗಂಟೆಗೆ ಕೆಲಸಕ್ಕೆ ಹೊರಡೋ ಪ್ಲಂಬರ್, ಎಲೆಕ್ಟ್ರಿಷಿಯನ್ ಎದ್ದು ಹೇಳದಿದ್ರೆ ಆ ಕಷ್ಟ ಕೌನ್ಸಿಲ್‌ನವರಿಗೆ ಹೇಗೆ ಗೊತ್ತಾಗಬೇಕು?

ಬಹಳ ಊರುಗಳಲ್ಲಿ ಒಬ್ಬರಿಗೆ ಸಿಗೋದು ಮೂರೋ ಐದೋ ನಿಮಿಷ. ಅಜೆಂಡಾ ಟೌನ್ ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿ. ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ಒಬ್ಬರೇ ಹೋಗಬೇಡಿ, ಅದೇ ಬೀದಿಯ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ.