ಡೊಂಬಿವಲಿಯ ಮನೆಗಳಿಗೆ ಬಂದ ಬ್ರಾಡ್‌ಬ್ಯಾಂಡ್

ಠಾಣೆ ನಗರ, ನವಿ ಮುಂಬೈಗಳ ದೂರವಾಣಿ ಎಂಟಿಎನ್‌ಎಲ್ ಪಾಲಿಗಿದ್ದರೆ, ಡೊಂಬಿವಲಿ ಮತ್ತು ಕಲ್ಯಾಣ ಬಿಎಸ್‌ಎನ್‌ಎಲ್ ವ್ಯಾಪ್ತಿಗೆ ಸೇರಿದ್ದವು; ಮುಂಬೈಯ ಕೋಡ್ 022, ಇಲ್ಲಿಯದು 0251. 2004ರ ರಾಷ್ಟ್ರೀಯ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದಿತು. ಮರುವರ್ಷ ಬಿಎಸ್‌ಎನ್‌ಎಲ್‌ನ ಡಾಟಾವನ್ ಸೇವೆ ಹಳೆಯ ತಾಮ್ರದ ತಂತಿಯಲ್ಲೇ ಬಂತು. ತಾಮ್ರಕ್ಕೆ ನೀರೇ ಶತ್ರು: ಮಳೆಗಾಲದಲ್ಲಿ ಜಾಯಿಂಟಿಗೆ ತೇವ ಹೊಕ್ಕರೆ ಫೋನೂ ಇಂಟರ್‌ನೆಟ್ಟೂ ಒಟ್ಟಿಗೆ ಕೈಕೊಡುತ್ತವೆ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಇಳಿಯುತ್ತದೆ. ಬೇಸತ್ತವರಿಗೆ ಮೊದಲು ಕೇಬಲ್‌ನವರ ಸಂಪರ್ಕ, ಆಮೇಲೆ ಫೈಬರ್ ದಾರಿಯಾದವು.

2006ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ದುರಸ್ತಿಗೆ ಗಡುವು ಹಾಕಿ, ಮೂರು ಕೆಲಸದ ದಿನ ಮೀರಿದರೆ ಬಾಡಿಗೆಯಲ್ಲಿ ರಿಯಾಯಿತಿ ವಿಧಿಸಿತು. ಗ್ರಾಹಕರ ಪಾಲಿಗೆ ಇದು ನಿಜಕ್ಕೂ ದೊಡ್ಡ ಹಕ್ಕು. 2011ರಲ್ಲಿ ದೇಶಾದ್ಯಂತ ಬಂದ ನಂಬರ್ ಪೋರ್ಟಬಿಲಿಟಿ ಮಾತ್ರ ಮೊಬೈಲಿಗಷ್ಟೇ. ಹಾಗಾಗಿ ಮನೆಯ ಬ್ರಾಡ್‌ಬ್ಯಾಂಡ್ ಬದಲಿಸುವವರು ಹೊಸ ಸಂಪರ್ಕ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ಲಿಖಿತವಾಗಿ ರದ್ದುಮಾಡಿಸಿ, ಠೇವಣಿ ಇದ್ದರೆ ಕೇಳಿ ಪಡೆಯಬೇಕು.