ನಡುಛಾಯೆ ಕಳೆದ ಮುಖಗಳು

1962ರಲ್ಲಿ ನಟಿ ಮರ್ಲಿನ್ ಮನ್ರೋ ನಿಧನರಾದ ಬಳಿಕ ಕಲಾವಿದ ಆ್ಯಂಡಿ ವಾರ್ಹಾಲ್ ಅವರು ‘ನಯಾಗರಾ’ ಚಲನಚಿತ್ರದ ಪ್ರಚಾರದ ಫೋಟೊವೊಂದನ್ನು ಆಧರಿಸಿ, ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯ ತೆರೆದ ರಂಧ್ರಗಳ ಮೂಲಕ ಬಣ್ಣವನ್ನು ಒತ್ತಿ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಿಂದ ಆಕೆಯ ಮುಖವನ್ನು ಮತ್ತೆಮತ್ತೆ ಮೂಡಿಸಿದರು. ಬೂದುಬಣ್ಣದ ನಡುಛಾಯೆಗಳು ಬಹುಮಟ್ಟಿಗೆ ಅಳಿದು ಗಾಢ ನೆರಳೂ ಸಪಾಟಾದ ಬಣ್ಣವೂ ಮಾತ್ರ ಉಳಿಯುತ್ತಿದ್ದ ಆ ಚಿತ್ರಗಳಲ್ಲಿ, ತುಟಿಯ ಅಂಚು ಮೀರಿದ ಬಣ್ಣವೇ ಅವುಗಳ ಜೀವಾಳವೆನ್ನಬೇಕು. 1990ರಲ್ಲಿ ಬಿಡುಗಡೆಯಾದ ಫೋಟೊಶಾಪ್‌ ಪರಂಪರೆಯ ತಂತ್ರಾಂಶಗಳಲ್ಲಿ, ನಿಗದಿತ ಮಟ್ಟಕ್ಕಿಂತ ತಿಳಿಯಾದುದನ್ನು ಬಿಳಿಯಾಗಿಸಿ ಉಳಿದುದನ್ನು ಕಪ್ಪಾಗಿಸುವ ‘ಥ್ರೆಶೋಲ್ಡ್’ ಮತ್ತು ಛಾಯೆಗಳನ್ನು ಕೆಲವೇ ಹಂತಗಳಿಗೆ ಇಳಿಸುವ ‘ಪೋಸ್ಟರೈಸ್’ ಆಜ್ಞೆಗಳು ಇಂಥ ಪರಿಣಾಮವನ್ನು ಕ್ಷಣದಲ್ಲಿ ತರುತ್ತವೆಯಾದರೂ, ಆ ಮಟ್ಟವೆಲ್ಲಿರಬೇಕೆಂಬ ನಿರ್ಧಾರ ಕಣ್ಣಿನದೇ. ಕಲಾವಿದ ಶೆಪರ್ಡ್ ಫೇರಿ 2008ರಲ್ಲಿ ಕೆಂಪು, ನೀಲಿ, ಕೆನೆಬಣ್ಣಗಳಲ್ಲಿ ರೂಪಿಸಿದ ಒಬಾಮಾ ಭಾವಚಿತ್ರ ಈ ಶೈಲಿಯನ್ನು ಮನೆಮಾತಾಗಿಸಿತು; ಅದರ ಮೂಲ ಫೋಟೊದ ಹಕ್ಕಿನ ಕುರಿತು ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಜೊತೆ ನಡೆದ ವ್ಯಾಜ್ಯ 2011ರಲ್ಲಿ ರಾಜಿಯಾಯಿತು.